ನಮ್ಮ ಮನೆ ಹಿಂದೆ ಗ್ರಾವೆಲ್ ಪಿಟ್ ಬರುತ್ತಿದೆ. ರಾಜ್ಯ ಪರ್ಮಿಟ್ ಕೊಟ್ಟರೂ ಟೌನ್ ತಡೆಯಬಹುದಾ?

ನಮಸ್ಕಾರ. ನೀವು ಬರೆದಿದ್ದು ಇಷ್ಟು: ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಹಳ್ಳಿ ಕಡೆಯ ಒಂದು ಟೌನಿನಲ್ಲಿ (ಇಲ್ಲಿ ಟೌನ್ ಅಂದರೆ ಸ್ಥಳೀಯ ಆಡಳಿತದ ಘಟಕ) ಮನೆ ಕೊಂಡಿದ್ದೀರಿ. ಮನೆಯ ಹಿಂದೆ, ನಿಮ್ಮ ಬೇಲಿಗೇ ತಾಗಿರುವ ಜೋಳದ ಹೊಲದಲ್ಲಿ ಮರಳು, ಗ್ರಾವೆಲ್ ತೆಗೆಯಲು ಒಂದು ಕಂಪನಿ ಅರ್ಜಿ ಹಾಕಿದೆ. ಟೌನ್ ಆಫೀಸಿನಲ್ಲಿ ವಿಚಾರಿಸಿದರೆ "ಗಣಿ ಪರ್ಮಿಟ್ ರಾಜ್ಯದ್ದು, ನಮ್ಮ ಕೈಯಲ್ಲಿ ಏನೂ ಇಲ್ಲ" ಅಂದರು. ಇದು ನಿಜವಾ ಅನ್ನುವುದು ನಿಮ್ಮ ಪ್ರಶ್ನೆ.

ಅರ್ಧ ನಿಜ. ಗಣಿಯನ್ನು ಹೇಗೆ ನಡೆಸಬೇಕು ಅಂತ ಹೇಳುವುದು ರಾಜ್ಯ. ಗಣಿ ಎಲ್ಲಿ ಇರಬಹುದು, ಎಲ್ಲಿ ಇರಬಾರದು ಅಂತ ಹೇಳುವುದು ಟೌನ್. ಈ ಎರಡನೇ ಅಧಿಕಾರ ತುಂಬಾ ದೊಡ್ಡದು. ಎಷ್ಟೋ ಸಲ ಟೌನಿನವರಿಗೇ ಅದರ ಅರಿವು ಇರುವುದಿಲ್ಲ.

ನಾನು ವಕೀಲನಲ್ಲ. ಇಲ್ಲಿನ ಒಂದು ಸಣ್ಣ ಟೌನಿನ ಪ್ಲಾನಿಂಗ್ ಬೋರ್ಡಿನಲ್ಲಿ ಕೆಲವು ವರ್ಷ ಇದ್ದೆ. ಇಂಥದ್ದೇ ಅರ್ಜಿ ನಮ್ಮ ಮುಂದೆಯೂ ಬಂದಿತ್ತು. ಆಗ ಈ ಕಾನೂನನ್ನು ಕೂತು ಓದಬೇಕಾಯಿತು.

ಈ ಕಡೆ ಇಷ್ಟೊಂದು ಗ್ರಾವೆಲ್ ಯಾಕೆ ಅಂದರೆ, ಹಿಮಯುಗದ ಕೊನೆಯಲ್ಲಿ ಹಿಮನದಿಗಳು ಕರಗುತ್ತಾ ಹಿಂದೆ ಸರಿದಾಗ ಮರಳು, ಉರುಟು ಕಲ್ಲುಗಳನ್ನು ಕಣಿವೆಗಳಲ್ಲಿ ರಾಶಿ ರಾಶಿ ಬಿಟ್ಟು ಹೋದವು. ಅದೇ ಗ್ರಾವೆಲ್ ಪದರದಲ್ಲಿ ಒಳ್ಳೆಯ ಅಂತರ್ಜಲವೂ ಇರುತ್ತದೆ. ಹಾಗಾಗಿ ಪಿಟ್ ಬರುವ ಜಾಗವೂ ಜನ ಬಾವಿ ತೋಡಿಸಿದ ಜಾಗವೂ ಬಹಳ ಸಲ ಒಂದೇ ಆಗಿರುತ್ತದೆ. ನಿಮ್ಮ ಮನೆಯದ್ದೂ ಬಾವಿ ನೀರಾದರೆ ಈ ವಿಷಯ ಮನಸ್ಸಿನಲ್ಲಿರಲಿ.

ಈಗ ಕಾನೂನಿಗೆ ಬರೋಣ. ರಾಜ್ಯದ ಗಣಿಭೂಮಿ ಪುನಶ್ಚೇತನ ಕಾನೂನು 1975ರಿಂದ ಜಾರಿಯಲ್ಲಿದೆ. 12 ತಿಂಗಳಲ್ಲಿ 1,000 ಟನ್ ಅಥವಾ 750 ಘನ ಗಜ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ತೆಗೆಯುವವರು ರಾಜ್ಯದ ಪರಿಸರ ಇಲಾಖೆಯ ಪರ್ಮಿಟ್ ಪಡೆಯಬೇಕು. ಇಲಾಖೆಯನ್ನು ಎಲ್ಲರೂ ಡಿಇಸಿ ಅಂತ ಕರೆಯುತ್ತಾರೆ. ಗಣಿಗಾರಿಕೆಗೆ ಸಂಬಂಧಿಸಿದ ಸ್ಥಳೀಯ ಕಾನೂನುಗಳಿಗಿಂತ ಈ ಕಾನೂನೇ ಮೇಲು ಅಂತ ಅದರಲ್ಲೇ ಒಂದು ಸಾಲು ಇತ್ತು. ಕಂಪನಿಗಳು ಆ ಸಾಲನ್ನು ಹಿಡಿದುಕೊಂಡು "ಟೌನಿನ ಝೋನಿಂಗ್ ನಮಗೆ ಅನ್ವಯಿಸುವುದೇ ಇಲ್ಲ" ಅಂತ ವಾದ ಮಾಡುತ್ತಿದ್ದವು. ಝೋನಿಂಗ್ ಅಂದರೆ ಟೌನನ್ನು ವಲಯಗಳಾಗಿ ಹಂಚಿ, ಯಾವ ವಲಯದಲ್ಲಿ ಯಾವ ಬಳಕೆಗೆ ಅವಕಾಶ ಅಂತ ಹೇಳುವ ನಿಯಮ.

ಆ ವಾದ ಬಿದ್ದುಹೋದದ್ದು 1987ರಲ್ಲಿ. ಶಟಾಕ್ವಾ ಕೌಂಟಿಯ ಕ್ಯಾರಲ್ ಟೌನಿನಲ್ಲಿ ಫ್ರೂ ರನ್ ಗ್ರಾವೆಲ್ ಪ್ರಾಡಕ್ಟ್ಸ್ ಅನ್ನುವ ಕಂಪನಿ ಗ್ರಾವೆಲ್ ತೆಗೆಯಲು ಹೊರಟ ಜಾಗ ಕೃಷಿ-ವಸತಿ ವಲಯದಲ್ಲಿತ್ತು. ಆ ವಲಯದಲ್ಲಿ ಗಣಿಗೆ ಅವಕಾಶವಿರಲಿಲ್ಲ. ಕೇಸು ರಾಜ್ಯದ ಅತಿ ಮೇಲಿನ ಕೋರ್ಟಿನ ತನಕ ಹೋಯಿತು. ಕೋರ್ಟು ಹೇಳಿದ್ದು: ರಾಜ್ಯದ ಕಾನೂನು ಗಣಿ ಕೆಲಸದ ವಿಧಾನವನ್ನು ನಿಯಂತ್ರಿಸುತ್ತದೆ. ಝೋನಿಂಗ್ ಭೂಮಿಯ ಬಳಕೆಯನ್ನು ನಿಯಂತ್ರಿಸುತ್ತದೆ. ಝೋನಿಂಗ್‌ನಿಂದ ಗಣಿಗೆ ಅಡ್ಡಿಯಾಗಬಹುದು, ಅಷ್ಟಕ್ಕೇ ಅದು ಗಣಿಗಾರಿಕೆಯ ಕಾನೂನು ಆಗುವುದಿಲ್ಲ. 1991ರಲ್ಲಿ ಶಾಸನಸಭೆ ಇದನ್ನು ಕಾನೂನಿಗೇ ಸೇರಿಸಿತು.

ಮುಂದೆ 1996ರಲ್ಲಿ ಇನ್ನೂ ಒಂದು ಹೆಜ್ಜೆ. ಈರಿ ಕೌಂಟಿಯ ಸಾರ್ಡಿನಿಯಾ ಟೌನ್ ತನ್ನ ಝೋನಿಂಗ್ ತಿದ್ದಿ, ಯಾವ ವಲಯದಲ್ಲೂ ಹೊಸ ಗಣಿಗೆ ಅವಕಾಶ ಇಲ್ಲದ ಹಾಗೆ ಮಾಡಿತು. ಗರ್ನಾಟ್ ಆಸ್ಫಾಲ್ಟ್ ಕಂಪನಿ ಕೋರ್ಟಿಗೆ ಹೋಯಿತು, ಸೋತಿತು. ತನ್ನ ನೆಲದಲ್ಲಿರುವ ಸಂಪತ್ತನ್ನೆಲ್ಲ ತೆಗೆಯಲು ಬಿಡಲೇಬೇಕು ಅಂತ ಟೌನಿನ ಮೇಲೆ ಕಟ್ಟುಪಾಡಿಲ್ಲ, ಮಿತಿ ಹಾಕಲು ನ್ಯಾಯವಾದ ಕಾರಣ ಇದ್ದರೆ ಸಾಕು ಅಂತ ತೀರ್ಪಾಯಿತು. 2014ರಲ್ಲಿ ಇಥಾಕಾ ಪಕ್ಕದ ಡ್ರೈಡನ್ ಟೌನ್ ಫ್ರ್ಯಾಕಿಂಗ್ (ನೆಲದಾಳದ ಬಂಡೆ ಸೀಳಿ ಶೇಲ್ ಗ್ಯಾಸ್ ತೆಗೆಯುವುದು) ನಿಷೇಧಿಸಿ ಗೆದ್ದಿದ್ದೂ ಇದೇ ಗ್ರಾವೆಲ್ ತೀರ್ಪುಗಳ ಆಧಾರದ ಮೇಲೆ.

ಹಾಗಾದರೆ ನಿಮ್ಮ ಟೌನಿನವರು ಯಾಕೆ ಕೈ ಎತ್ತಿದರು? ನನ್ನ ಊಹೆ ಏನೆಂದರೆ, ಜನ ಅವರ ಹತ್ತಿರ ಹೋಗಿ ಧೂಳು, ಸದ್ದಿನ ಬಗ್ಗೆ ಕೇಳುತ್ತಾರೆ. ಅವು ಗಣಿ ನಡೆಸುವ ವಿಧಾನಕ್ಕೆ ಸೇರಿದ್ದು, ಹಾಗಾಗಿ ಅವರು ಕೊಡುವ ಉತ್ತರ ಸರಿಯಾದದ್ದೇ.

ನಮ್ಮ ಟೌನಿನ ಪಬ್ಲಿಕ್ ಹಿಯರಿಂಗ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಫೈರ್ ಹಾಲ್ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ಮೈಕ್ ಮುಂದೆ ನಿಂತು ಮೂರು ಮೂರು ನಿಮಿಷ ಮಾತಾಡಿದರು. ಧೂಳು, ಬೆಳಗಿನ ಜಾವ ರಿವರ್ಸ್ ಹೋಗುವ ಲೋಡರ್‌ಗಳ ಬೀಪ್ ಸದ್ದು, ಕಲ್ಲು ತೊಳೆದ ಕೆಸರು ನೀರು. ಎಲ್ಲ ನಿಜವಾದ ಸಂಕಟ. ಕಂಪನಿಯ ವಕೀಲರು ತಾಳ್ಮೆಯಿಂದ ಬರೆದುಕೊಂಡರು. ಕೊನೆಗೆ ಎದ್ದು, "ಇವೆಲ್ಲವೂ ಡಿಇಸಿ ಪರ್ಮಿಟ್‌ನಲ್ಲಿ ಬರುತ್ತವೆ" ಅಂತ ಒಂದೇ ಮಾತು ಹೇಳಿ ಕೂತರು. ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಎದ್ದು, "ಈ ಜಾಗ ಯಾವ ವಲಯದಲ್ಲಿದೆ? ಆ ವಲಯದ ಪಟ್ಟಿಯಲ್ಲಿ ಗಣಿ ಎಲ್ಲಿದೆ ತೋರಿಸಿ" ಅಂದರು. ಟೌನ್ ಕ್ಲರ್ಕ್ ಕೋಡ್ ಪುಸ್ತಕ ತೆಗೆದು ಜೋರಾಗಿ ಓದಿದರು: ಬೇಸಾಯ, ಒಂಟಿ ಮನೆ, ರಸ್ತೆ ಬದಿಯ ತರಕಾರಿ ಅಂಗಡಿ, ಪಶು ಆಸ್ಪತ್ರೆ, ಚರ್ಚ್. ಗಣಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಬಳಕೆಗೆ ಅವಕಾಶವಿಲ್ಲ ಅಂತ ಅದೇ ಪುಟದ ಕೆಳಗೆ ಬರೆದಿತ್ತು. ವಕೀಲರು ಆ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕಂಪನಿ ವಲಯ ಬದಲಾಯಿಸಿ ಅಂತ ಕೇಳಬೇಕಾಯಿತು, ಅದು ಸಿಗಲಿಲ್ಲ.

ಹಾಗಾಗಿ ಮೊದಲು ಝೋನಿಂಗ್ ನಕ್ಷೆ ನೋಡಿ. ಬಹಳಷ್ಟು ಟೌನ್‌ಗಳ ಕೋಡ್ ಆನ್‌ಲೈನಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಟೌನ್ ಕ್ಲರ್ಕ್ ಹತ್ತಿರ ಕೇಳಿದರೆ ತೋರಿಸಲೇಬೇಕು. ಆ ವಲಯದಲ್ಲಿ ಗಣಿಗೆ ಅವಕಾಶವೇ ಇಲ್ಲ ಅಂತಿದ್ದರೆ ನಿಮ್ಮ ಕೈ ಮೇಲಿದೆ. "ವಿಶೇಷ ಬಳಕೆ ಪರ್ಮಿಟ್ ಪಡೆದರೆ ಮಾಡಬಹುದು" ಅಂತಿದ್ದರೆ ಕಷ್ಟ ಜಾಸ್ತಿ. ಯಾಕೆಂದರೆ ಆ ಪರ್ಮಿಟ್‌ನಲ್ಲಿ ಟೌನ್ ಹಾಕಬಹುದಾದ ಷರತ್ತುಗಳನ್ನು ರಾಜ್ಯದ ಕಾನೂನು ಕೆಲವಕ್ಕೇ ಸೀಮಿತ ಮಾಡಿದೆ. ಟೌನಿನ ರಸ್ತೆಗೆ ಗಣಿಯಿಂದ ಲಾರಿಗಳು ಬಂದು ಸೇರುವ ಜಾಗ, ಟೌನಿನ ರಸ್ತೆಗಳಲ್ಲಿ ಅವು ಓಡಾಡುವ ದಾರಿ, ಇವು ಟೌನಿನದ್ದು. ಗಡಿಯಿಂದ ಬಿಡಬೇಕಾದ ಅಂತರ, ಬೇಲಿ, ಧೂಳು, ಕೆಲಸದ ಹೊತ್ತು, ಗಣಿ ಮುಗಿದ ಮೇಲೆ ಭೂಮಿ ಸರಿಪಡಿಸುವುದು, ಇವುಗಳಲ್ಲಿ ಡಿಇಸಿ ಪರ್ಮಿಟ್‌ನಲ್ಲಿ ಇರುವುದನ್ನು ಟೌನ್ ಜಾರಿ ಮಾಡಬಹುದು, ಅದಕ್ಕಿಂತ ಬಿಗಿ ಮಾಡಲಾಗದು.

ಆದರೆ ಆ ಪರ್ಮಿಟ್‌ನಲ್ಲಿ ಏನಿರಬೇಕು ಅಂತ ಹೇಳಲು ಟೌನಿಗೆ ಒಂದು ಅವಕಾಶವಿದೆ. ಹೊಸ ಗಣಿಯ ಅರ್ಜಿ ಬಂದಾಗ ಡಿಇಸಿ ಅದರ ಪ್ರತಿಯನ್ನು ಟೌನಿನ ಮುಖ್ಯಾಧಿಕಾರಿಗೆ, ಅಂದರೆ ಸಾಮಾನ್ಯವಾಗಿ ಟೌನ್ ಸೂಪರ್‌ವೈಸರ್‌ಗೆ, ಕಳಿಸುತ್ತದೆ. ಅದು ಕೈ ಸೇರಿದ 30 ದಿನದೊಳಗೆ ಟೌನ್ ಉತ್ತರ ಬರೆಯಬಹುದು: ಅಂತರ ಎಷ್ಟಿರಬೇಕು, ಬೇಲಿ ಬೇಕಾ, ಧೂಳಿಗೆ ಏನು ಮಾಡಬೇಕು, ಎಷ್ಟರಿಂದ ಎಷ್ಟು ಹೊತ್ತಿನ ತನಕ ಕೆಲಸ ಮಾಡಬಹುದು, ಮತ್ತು ಆ ಜಾಗದಲ್ಲಿ ಗಣಿಗೆ ನಿಷೇಧವಿದೆಯಾ. ನೀವು ಇವತ್ತೇ ವಿಚಾರಿಸಬೇಕಾದದ್ದು ಈ ಪತ್ರದ ಬಗ್ಗೆ. ಬಂದಿದೆಯಾ? ಎಂದು ಬಂತು? ಉತ್ತರ ಹೋಗಿದೆಯಾ? ಸಣ್ಣ ಟೌನ್‌ಗಳಲ್ಲಿ ಸೂಪರ್‌ವೈಸರ್ ಆಗಿರುವವರಿಗೆ ಬೇರೆ ಕೆಲಸವೂ ಇರುತ್ತದೆ. ದಪ್ಪನೆಯ ಅರ್ಜಿಯ ಕಟ್ಟು ಮೇಜಿನ ಮೇಲೆ ಹಾಗೇ ಉಳಿದು 30 ದಿನ ಕಳೆದುಹೋಗಬಹುದು. ಬೈಯಲು ಹೋಗಬೇಡಿ, ಉತ್ತರ ಬರೆಯಲು ನೆರವಾಗಿ.

ಎರಡು ಕಡೆ ಎಚ್ಚರ ಬೇಕು. ಒಂದು, ಆ ಜಾಗದಲ್ಲಿ ಹಳೆಯ ಪಿಟ್ ಇತ್ತಾ ಅಂತ ನೋಡಿ. ಝೋನಿಂಗ್ ಬರುವ ಮೊದಲೇ ನಡೆಯುತ್ತಿದ್ದ ಬಳಕೆಗೆ ರಕ್ಷಣೆ ಇದೆ. ಕಲ್ಲು, ಗ್ರಾವೆಲ್ ವಿಷಯದಲ್ಲಿ ಆ ರಕ್ಷಣೆ ಇನ್ನೂ ಅಗಲ. ಗಣಿ ಕೆಲಸ ಅಂದರೆ ನೆಲವನ್ನೇ ತೆಗೆಯುತ್ತಾ ಮುಂದೆ ಸಾಗುವುದು. ಹಾಗಾಗಿ ಒಂದು ಮೂಲೆಯಲ್ಲಿ ತೋಡಿದ್ದರೂ, ಉಳಿದದ್ದನ್ನೂ ತೋಡುವ ಉದ್ದೇಶ ಮೊದಲಿನಿಂದ ಕಾಣುತ್ತಿದ್ದರೆ ಇಡೀ ಜಮೀನಿಗೆ ರಕ್ಷಣೆ ಸಿಗಬಹುದು ಅಂತ 1980ರ ಸಿರಾಕ್ಯೂಸ್ ಅಗ್ರಿಗೇಟ್ ಕೇಸಿನಲ್ಲಿ ತೀರ್ಪಾಗಿದೆ. ಇನ್ನೊಂದು, ನಿಮ್ಮ ಟೌನಿನಲ್ಲಿ ಝೋನಿಂಗ್ ಇದೆಯಾ ಅನ್ನುವುದನ್ನೇ ಖಚಿತ ಮಾಡಿಕೊಳ್ಳಿ. ಹಳ್ಳಿ ಕಡೆ ಎಷ್ಟೋ ಟೌನ್‌ಗಳಲ್ಲಿ ಇಲ್ಲ. ಯಾರ್ಕ್‌ಶೈರ್ ಅನ್ನುವ ಟೌನಿನಲ್ಲಿ ಗ್ಲೇಶಿಯಲ್ ಅಗ್ರಿಗೇಟ್ಸ್ ಕಂಪನಿ, ಝೋನಿಂಗ್ ಅಡ್ಡಿ ಇಲ್ಲದ ಕಾಲದಲ್ಲಿ ಜಮೀನು ಕೊಂಡು, ರಾಜ್ಯದ ಪರ್ಮಿಟ್ ಪಡೆದು, ಸಾಕಷ್ಟು ಹಣ ಸುರಿದಿತ್ತು. ಟೌನ್ ಆಮೇಲೆ ಕಾನೂನು ತಂದಿತು. 2010ರಲ್ಲಿ ಕೋರ್ಟು ಕಂಪನಿಯ ಪರ ನಿಂತಿತು. ಅಂದರೆ ತಡ ಮಾಡಿದರೆ ಅಧಿಕಾರ ಇದ್ದೂ ಕೈ ತಪ್ಪುತ್ತದೆ. ಬರೀ ಅರ್ಜಿ ಹಾಕಿದ ಮಾತ್ರಕ್ಕೆ ಕಂಪನಿಗೆ ಹಕ್ಕು ಬಂದುಬಿಡುವುದಿಲ್ಲ ಅನ್ನುವುದೂ ಅಷ್ಟೇ ನಿಜ. ನೀವು ಇನ್ನೂ ಆ ಹಂತದಲ್ಲೇ ಇದ್ದೀರಿ, ಅದೊಂದು ಸಮಾಧಾನ.

ಇಲ್ಲಿರುವ ನಮ್ಮ ಕನ್ನಡಿಗರು ಇಂಥ ವಿಷಯ ಬಂದಾಗ ಟೌನ್ ಬಿಟ್ಟು ನೇರ ರಾಜ್ಯಕ್ಕೆ ಪತ್ರ ಬರೆಯುವುದನ್ನು ನೋಡಿದ್ದೇನೆ. ಊರಿನ ಅನುಭವ ಹಾಗೆ ಮಾಡಿಸುತ್ತದೆ. ಭಾರತದ 1957ರ ಕೇಂದ್ರ ಗಣಿ ಕಾಯ್ದೆಯ 15ನೇ ಸೆಕ್ಷನ್ ಕಟ್ಟಡದ ಕಲ್ಲು, ಗ್ರಾವೆಲ್, ಮರಳಿನಂಥ ಉಪಖನಿಜಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕರ್ನಾಟಕದಲ್ಲಿ ಕ್ವಾರಿ ಅಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಡಿಸಿ ಆಫೀಸು. ಪಂಚಾಯ್ತಿಯ ಮಾತಿಗೆ ಅಲ್ಲಿ ಅಷ್ಟು ತೂಕ ಇರುವುದಿಲ್ಲ. ಇಲ್ಲಿ ಐದು ಜನರ ಟೌನ್ ಬೋರ್ಡಿಗೆ ಇರುವ ಶಕ್ತಿ ನಮಗೆ ಸುಲಭವಾಗಿ ನಂಬಿಕೆ ಬರುವುದಿಲ್ಲ.

ಆ ಐದು ಜನರ ವಿಷಯದಲ್ಲಿ ನಿಮಗೆ ಇನ್ನೊಂದು ಗೊತ್ತಿರಬೇಕು. ಕಂಪನಿ ವಲಯ ಬದಲಾವಣೆ ಕೇಳಿದರೆ, ಬದಲಾಗುವ ಜಮೀನಿಗೆ ತಾಗಿ 100 ಅಡಿಯೊಳಗಿನ ಭೂಮಿಯಲ್ಲಿ ಶೇಕಡ 20ರಷ್ಟರ ಮಾಲೀಕರು ಸಹಿ ಹಾಕಿ ಬರಹದಲ್ಲಿ ಆಕ್ಷೇಪಿಸಿದರೆ, ಬೋರ್ಡಿನಲ್ಲಿ ಮುಕ್ಕಾಲು ಪಾಲು ಮತ ಬೇಕಾಗುತ್ತದೆ. ಐವರಲ್ಲಿ ಮೂವರು ಸಾಲದು, ನಾಲ್ವರು ಒಪ್ಪಬೇಕು. ನಿಮ್ಮ ಮನೆ ಬೇಲಿ ಆ ಹೊಲಕ್ಕೇ ತಾಗಿದೆ ಅಂದಿರಲ್ಲ, ನಿಮ್ಮ ಸಹಿಗೆ ಇಲ್ಲಿ ಬೆಲೆ ಇದೆ. ವೀಸಾದಲ್ಲಿದ್ದರೂ, ಗ್ರೀನ್ ಕಾರ್ಡ್ ಇದ್ದರೂ ಮಾಲೀಕರು ಮಾಲೀಕರೇ. ಹಿಯರಿಂಗ್‌ನಲ್ಲಿ ಮಾತಾಡಲು ಸಿಟಿಜನ್ ಆಗಿರಬೇಕು ಅಂತಲೂ ಇಲ್ಲ.

ನೀರಿನ ವಾದ ಮಾಡುವವರಿದ್ದರೆ 1962ರ ಗೋಲ್ಡ್‌ಬ್ಲಾಟ್ ಕೇಸು ಓದಿ. ಲಾಂಗ್ ಐಲೆಂಡ್‌ನ ಹೆಂಪ್‌ಸ್ಟೆಡ್ ಟೌನಿನಲ್ಲಿ 1927ರಿಂದ ನಡೆಯುತ್ತಿದ್ದ ಪಿಟ್ ಅಂತರ್ಜಲ ಮುಟ್ಟಿ, 20 ಎಕರೆಯ ಕೆರೆಯೇ ಆಗಿತ್ತು. ಸುತ್ತ ಊರು ಬೆಳೆದಿತ್ತು. 1958ರಲ್ಲಿ ಟೌನ್ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ತೋಡಬಾರದು ಅಂತ ಕಾನೂನು ಮಾಡಿತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯೂಯಾರ್ಕಿನ ಇವತ್ತಿನ ಗಣಿ ಕಾನೂನಿಗಿಂತ ಹಿಂದಿನ ಕೇಸು ಅದು. ಆದ್ದರಿಂದ ಅದೊಂದನ್ನೇ ನಂಬಿಕೊಳ್ಳಬೇಡಿ.

ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಗ್ರಾವೆಲ್ ಬೇಡ ಅನ್ನಲು ನನಗೆ ಮನಸ್ಸಿಲ್ಲ. ನಮ್ಮ ರಸ್ತೆ, ನಮ್ಮ ಮನೆಗಳ ಪಾಯ ಎಲ್ಲಕ್ಕೂ ಅದೇ ಬೇಕು, ಮತ್ತು ಅದು ಇರುವ ಕಡೆ ಮಾತ್ರ ಸಿಗುತ್ತದೆ. ಟೌನ್ ತನ್ನ ನಕ್ಷೆಯಲ್ಲಿ ಮನೆ, ಶಾಲೆ, ಬಾವಿಗಳಿಂದ ದೂರ ಇರುವ ಒಂದು ಜಾಗ ಗುರುತಿಸಿ ಅಲ್ಲಿ ಅವಕಾಶ ಕೊಡಬೇಕು, ಅದನ್ನು ಅರ್ಜಿ ಬರುವ ಮುಂಚೆ ಮಾಡಬೇಕು. ಬೋರ್ಡಿನ ಮುಂದೆ ಹೀಗೆ ಮಾತಾಡುವವರ ಮಾತನ್ನು "ಏನೂ ಬೇಡ" ಅನ್ನುವವರ ಮಾತಿಗಿಂತ ಗಮನವಿಟ್ಟು ಕೇಳುತ್ತಾರೆ.

ಭೂಬಳಕೆ ಕಾನೂನು ಬಲ್ಲ ವಕೀಲರನ್ನು ಒಂದು ಸಲವಾದರೂ ನೋಡಿ. ಅಕ್ಕಪಕ್ಕದವರು ಸೇರಿ ಫೀಸು ಹಂಚಿಕೊಂಡರೆ ಭಾರ ಆಗುವುದಿಲ್ಲ. ಟೌನಿನ ವಿಶೇಷ ಪರ್ಮಿಟ್ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸಲು, ಅದು ಕ್ಲರ್ಕ್ ಆಫೀಸಿನಲ್ಲಿ ದಾಖಲಾದ ಮೇಲೆ 30 ದಿನ ಮಾತ್ರ ಇರುತ್ತದೆ. ನಿಮ್ಮ ಜಾಗದ ವಲಯದ ಹೆಸರು, ಅದರ ಬಳಕೆಯ ಪಟ್ಟಿ ಸಿಕ್ಕಿದರೆ ಇಲ್ಲಿ ಹಾಕಿ. ಓದಿ ಏನು ಕಾಣುತ್ತದೆ ಅಂತ ಬರೆಯುತ್ತೇನೆ.