ಡಾಕ್ಟರ ಹೆಸರಿನ ಮುಂದೆ 28 ಲಕ್ಷ ಡಾಲರ್!

ಜೂನ್ ಮುಗಿಯುತ್ತಿದ್ದಂತೆ ಒಂದೇ ಥರದ ಪತ್ರಗಳು ಶುರುವಾಗುತ್ತವೆ. ಪ್ರತಿ ವರ್ಷ ಜೂನ್ 30ರ ಹೊತ್ತಿಗೆ ಅಮೆರಿಕದಲ್ಲಿ ಮೆಡಿಕೇರ್ (ಹೆಚ್ಚಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ನಡೆಸುವ ಸಿಎಂಎಸ್ ಸಂಸ್ಥೆ ಒಂದು ಲೆಕ್ಕ ಹೊರಗೆ ಬಿಡುತ್ತದೆ. ಔಷಧ ಮತ್ತು ಉಪಕರಣ ಕಂಪನಿಗಳು ಹಿಂದಿನ ವರ್ಷ ಯಾವ ಡಾಕ್ಟರಿಗೆ ಎಷ್ಟು ಕೊಟ್ಟವು ಅನ್ನುವ ಲೆಕ್ಕ ಅದು. ಹೆಸರು ‘ಓಪನ್ ಪೇಮೆಂಟ್ಸ್’. ಮೆಡಿಕೇರ್ ತಾನೇ ಡಾಕ್ಟರಿಗೆ ಕೊಟ್ಟ ಹಣದ ಪಟ್ಟಿ ಬೇರೆ ಇದೆ, ಅದು ಸುಮಾರು ಎರಡು ವರ್ಷ ತಡವಾಗಿ ಬರುತ್ತದೆ. ನಮ್ಮವರು ಎರಡನ್ನೂ ತೆರೆದು, ಎರಡನ್ನೂ ಕೂಡಿಸಿ, ಬಂದ ಮೊತ್ತಕ್ಕೆ ‘ಲಂಚ’ ಅಂತ ಹೆಸರಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ. ಮೆಡಿಕಲ್ ಬಿಲ್ಲಿಂಗ್ ಆಡಿಟ್ ಮಾಡುವ ನನಗೆ ಅದನ್ನು ನೋಡಿದರೆ ತಲೆ ಬಿಸಿಯಾಗುತ್ತದೆ. ಮೆಡಿಕೇರ್‌ನ ನಿಯಮಗಳನ್ನೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಪಟ್ಟಿ ಹುಡುಕಿ ತೆಗೆಯುವವರಿಗೆ ಅಷ್ಟು ಗೊತ್ತಿರುತ್ತದೆ.

ಪ್ರಶ್ನೆ: ಅಮ್ಮನಿಗೆ 74 ವರ್ಷ. ಗ್ರೀನ್ ಕಾರ್ಡ್ ಬಂದು ಎಂಟು ವರ್ಷವಾಯಿತು, ಒರಿಜಿನಲ್ ಮೆಡಿಕೇರ್ (ಸರ್ಕಾರವೇ ನೇರವಾಗಿ ನಡೆಸುವುದು) ಇದೆ. ಕಣ್ಣಿನ ರೆಟಿನಾ ತೊಂದರೆಗೆ (ವೆಟ್ ಎಎಂಡಿ) ಇಂಜೆಕ್ಷನ್ ನಡೆಯುತ್ತಿದೆ. ಡಾಕ್ಟರ ಹೆಸರು ಹಾಕಿ ನೋಡಿದೆ. ಒಂದೇ ವರ್ಷದಲ್ಲಿ ಮೆಡಿಕೇರ್‌ನಿಂದ 28 ಲಕ್ಷ ಡಾಲರ್, 14,000 ಸೇವೆಗಳು! ದಿನಕ್ಕೆ ಐವತ್ತಕ್ಕಿಂತ ಜಾಸ್ತಿ ಇಂಜೆಕ್ಷನ್ ಒಬ್ಬ ಮನುಷ್ಯ ಕೊಡೋಕೆ ಆಗುತ್ತಾ ಮೇಡಂ? ಮೇಲಿಂದ ಔಷಧ ಕಂಪನಿಗಳು 41,000 ಡಾಲರ್ ಕೊಟ್ಟಿವೆ. ಭಯವಾಗಿ ಮುಂದಿನ ವಾರದ ಅಪಾಯಿಂಟ್‌ಮೆಂಟ್ ರದ್ದು ಮಾಡಿದ್ದೇನೆ. ಎರಡೂ ಪಟ್ಟಿಗಳ ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. — ಓದುಗರು, ಪ್ಲೇನೋ, ಟೆಕ್ಸಸ್

ಮೊದಲು ಆ ಅಪಾಯಿಂಟ್‌ಮೆಂಟ್ ವಾಪಸ್ ತೆಗೆದುಕೊಳ್ಳಿ. ಇದನ್ನು ಓದಿ ಮುಗಿಸುವ ಮುಂಚೆ ಫೋನ್ ಮಾಡಿದರೂ ನನಗೆ ಬೇಜಾರಿಲ್ಲ. ವೆಟ್ ಎಎಂಡಿಯಲ್ಲಿ ಇಂಜೆಕ್ಷನ್ ತಪ್ಪಿಸಿದರೆ ಹೋದ ದೃಷ್ಟಿ ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಡಾಕ್ಟರನ್ನು ಬದಲಾಯಿಸಬೇಕೆಂದರೆ ಬದಲಾಯಿಸಿ, ಆದರೆ ಹೊಸಬರ ಹತ್ತಿರ ದಿನಾಂಕ ಸಿಕ್ಕ ಮೇಲೆ.

ಈಗ ಲೆಕ್ಕಕ್ಕೆ ಬರೋಣ. ನೀವು ಕಳಿಸಿದ ಚಿತ್ರದಲ್ಲೇ ಉತ್ತರ ಇದೆ, ನೀವು ದಪ್ಪ ಅಕ್ಷರದ ಮೊತ್ತ ನೋಡಿ ನಿಲ್ಲಿಸಿಬಿಟ್ಟಿದ್ದೀರಿ. ಡಾಕ್ಟರುವಾರು ಪಟ್ಟಿಯಲ್ಲಿ ಔಷಧದ ಹಣ ಬೇರೆ, ವೈದ್ಯ ಸೇವೆಯ ಹಣ ಬೇರೆ ಅಂತ ಎರಡು ಕಾಲಂ ಇರುತ್ತದೆ. ನಿಮ್ಮ ಡಾಕ್ಟರ 28 ಲಕ್ಷದಲ್ಲಿ 23.2 ಲಕ್ಷ ಔಷಧದ್ದು. ಕಣ್ಣಿಗೆ ಹಾಕುವ ಲುಸೆಂಟಿಸ್, ಐಲಿಯಾ ಅಂಥ ಔಷಧವನ್ನು ಡಾಕ್ಟರು ಮೊದಲು ತಾವೇ ದುಡ್ಡು ಕೊಟ್ಟು ಕೊಂಡು ಫ್ರಿಜ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ರೋಗಿಗೆ ಕೊಟ್ಟ ಮೇಲೆ ಮೆಡಿಕೇರ್‌ಗೆ ಬಿಲ್ ಹಾಕುತ್ತಾರೆ. ಮೆಡಿಕಲ್ ಸ್ಟೋರಿನ ಗಲ್ಲಾಪೆಟ್ಟಿಗೆಗೆ ಬಂದ ದುಡ್ಡೆಲ್ಲ ಅಂಗಡಿಯವನ ಲಾಭ ಅಂತ ನೀವು ಅಂದುಕೊಳ್ಳುವುದಿಲ್ಲ, ಅಲ್ವಾ? ಇದೂ ಹಾಗೇ.

ಡಾಕ್ಟರಿಗೆ ಉಳಿಯುವುದು ಎಷ್ಟು? ಕಾನೂನಿನ ಪ್ರಕಾರ ಮೆಡಿಕೇರ್ ಇಂಥ ಔಷಧಕ್ಕೆ ಸರಾಸರಿ ಮಾರಾಟ ಬೆಲೆಯ ಮೇಲೆ ಶೇ 6 ಸೇರಿಸಿ ದರ ಕಟ್ಟುತ್ತದೆ. ಸರ್ಕಾರದ ಖರ್ಚು ಕಡಿತ ಹಿಡಿದ ಮೇಲೆ ಅದು ಶೇ 4.3ರ ಹತ್ತಿರ ನಿಲ್ಲುತ್ತದೆ. ಆ ದರದಲ್ಲಿ ಐದನೇ ಒಂದು ಪಾಲನ್ನು ರೋಗಿಯಿಂದಲೋ ರೋಗಿಯ ಹೆಚ್ಚುವರಿ ವಿಮೆಯಿಂದಲೋ ವಸೂಲಿ ಮಾಡಬೇಕು. ಎಲ್ಲ ವಸೂಲಾಯಿತು ಅಂತಲೇ ಇಟ್ಟುಕೊಂಡರೂ ನಿಮ್ಮ ಡಾಕ್ಟರಿಗೆ ಔಷಧದಿಂದ ಉಳಿಯುವುದು ಲಕ್ಷದ ಮೇಲೆ ಚೂರು. ಅವರು ನಿಜಕ್ಕೂ ಎಷ್ಟಕ್ಕೆ ಕೊಂಡರು, ರಿಯಾಯಿತಿ ಸಿಕ್ಕಿತೇ ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಈ ಅಂದಾಜು ಕೂಡ ಅಂದಾಜೇ. ಉಳಿದ 4.8 ಲಕ್ಷ ಸೇವೆಯ ಹಣ. ಅದರಲ್ಲೂ ಬಾಡಿಗೆ, ಸಿಬ್ಬಂದಿ ಸಂಬಳ, ಸ್ಕ್ಯಾನ್ ಯಂತ್ರ, ಮಾಲ್‌ಪ್ರಾಕ್ಟಿಸ್ ವಿಮೆ ಎಲ್ಲ ಕಳೆಯಬೇಕು.

ಇನ್ನು 14,000 ಸೇವೆ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಔಷಧದ ಸಾಲಿನಲ್ಲಿ ‘ಸೇವೆ’ ಅಂದರೆ ಇಂಜೆಕ್ಷನ್ ಅಲ್ಲ, ಬಿಲ್ಲಿಂಗ್ ಯೂನಿಟ್. ಲುಸೆಂಟಿಸ್‌ನ ಕೋಡ್ ಜೆ2778, ಅದರ ಯೂನಿಟ್ 0.1 ಮಿಲಿಗ್ರಾಂ. ಎಎಂಡಿಗೆ ಹಾಕುವ ಡೋಸ್ 0.5 ಮಿಲಿಗ್ರಾಂ. ಅಂದರೆ ಒಂದು ಇಂಜೆಕ್ಷನ್ ಈ ಪಟ್ಟಿಯಲ್ಲಿ ಐದು ‘ಸೇವೆ’ ಆಗಿ ಕೂರುತ್ತದೆ. ಸೂಜಿ ಎಷ್ಟು ಸಲ ಚುಚ್ಚಿದರು ಅಂತ ತಿಳಿಯಬೇಕಾದರೆ 67028 ಅನ್ನುವ ಕೋಡಿನ ಸಾಲು ನೋಡಿ. ಕಣ್ಣಿನೊಳಗೆ ಇಂಜೆಕ್ಷನ್ ಕೊಡುವ ಕೆಲಸದ ಕೋಡ್ ಅದು. ನಿಮ್ಮ ಡಾಕ್ಟರ ಪಟ್ಟಿಯಲ್ಲಿ ಅಲ್ಲಿರುವುದು ಸುಮಾರು 1,900. ಕೆಲಸದ ದಿನಕ್ಕೆ ಏಳೆಂಟು. ರೆಟಿನಾ ಡಾಕ್ಟರಿಗೆ ಅದು ಮಾಮೂಲು.

ಹಾಗಾದರೆ ದೊಡ್ಡ ಮೊತ್ತ ಇದ್ದವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಈ ಪಟ್ಟಿ ಮೊದಲ ಸಲ ಹೊರಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ, 2012ರ ಲೆಕ್ಕದೊಂದಿಗೆ. ಅದಕ್ಕೂ ಮುಂಚೆ 1979ರ ಒಂದು ಕೋರ್ಟ್ ತಡೆಯಾಜ್ಞೆ ಇದನ್ನು ಮುಚ್ಚಿಟ್ಟಿತ್ತು. ಆ ಮೊದಲ ಪಟ್ಟಿಯ ತುದಿಯಲ್ಲಿದ್ದವರು ಫ್ಲಾರಿಡಾದ ಕಣ್ಣಿನ ಡಾಕ್ಟರ್ ಸಾಲೊಮನ್ ಮೆಲ್ಗೆನ್, ಸುಮಾರು 2.1 ಕೋಟಿ ಡಾಲರ್‌ನೊಂದಿಗೆ. ಒಬ್ಬ ರೋಗಿಗೆ ಅಂತ ಇರುವ ಲುಸೆಂಟಿಸ್ ಬಾಟಲಿಯನ್ನು ಮೂರ್ನಾಲ್ಕು ಜನರಿಗೆ ಹಂಚಿ, ಪ್ರತಿಯೊಬ್ಬರ ಹೆಸರಿನಲ್ಲೂ ಪೂರ್ತಿ ಬಿಲ್ ಹಾಕುತ್ತಿದ್ದರು. 2017ರಲ್ಲಿ ಮೆಡಿಕೇರ್ ವಂಚನೆ ಸಾಬೀತಾಯಿತು, ಮರುವರ್ಷ 17 ವರ್ಷದ ಶಿಕ್ಷೆ ಬಿತ್ತು. 2021ರಲ್ಲಿ ಅಧ್ಯಕ್ಷರೇ ಶಿಕ್ಷೆ ಮೊಟಕು ಮಾಡಿದ್ದು ಬೇರೆ ಕಥೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎಫ್‌ಬಿಐ ಅವರ ಕ್ಲಿನಿಕ್‌ಗೆ ನುಗ್ಗಿದ್ದು 2013ರ ಜನವರಿಯಲ್ಲಿ. ಪಟ್ಟಿ ಬರುವುದಕ್ಕೆ ಒಂದು ವರ್ಷಕ್ಕೂ ಮುಂಚೆ. ರೋಗಿಗಳ ಕಡತ, ಕೊಂಡ ಬಾಟಲಿಗಳ ಲೆಕ್ಕ ಇಟ್ಟುಕೊಂಡು ಹಿಡಿಯುವ ಕಳ್ಳತನ ಅದು. ನಾನೂ ನೀವೂ ಮನೆಯಲ್ಲಿ ಕೂತು ಮೊತ್ತ ನೋಡಿ ಹಿಡಿಯಲು ಆಗುವುದಿಲ್ಲ. ಅದೇ ಪಟ್ಟಿಯ ಮೇಲ್ತುದಿಯಲ್ಲಿ ಮೇಯೋ ಕ್ಲಿನಿಕ್‌ನ ಲ್ಯಾಬ್ ಮುಖ್ಯಸ್ಥರೂ ಇದ್ದರು. ಇಡೀ ಲ್ಯಾಬಿನ ಪರೀಕ್ಷೆಗಳೆಲ್ಲ ಅವರೊಬ್ಬರ ಹೆಸರಿನಲ್ಲಿ ಬಿಲ್ ಆಗಿದ್ದವು, ಅಷ್ಟೇ.

ನಿಜವಾಗಿ ಸಂಶಯ ಪಡಬೇಕಾದ ಜಾಗ ಬೇರೆ ಇದೆ. ಶೇ 6 ಅನ್ನುವ ಲೆಕ್ಕ ನೋಡಿ. 50 ಡಾಲರ್ ಔಷಧದ ಮೇಲೆ ಶೇ 6 ಅಂದರೆ 3 ಡಾಲರ್. 1,600 ಡಾಲರ್ ಔಷಧದ ಮೇಲೆ 96. ದುಬಾರಿ ಔಷಧ ಹಾಕಿದಷ್ಟೂ ಡಾಕ್ಟರಿಗೆ ಜಾಸ್ತಿ. ಇದು ಕಳ್ಳತನವಲ್ಲ, ಕಾನೂನೇ ಹಾಗಿದೆ. ಅವಾಸ್ಟಿನ್ ಅನ್ನುವ ಔಷಧ ಕಣ್ಣಿಗೆ ಅಂತ ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ಒಪ್ಪಿಗೆ ಪಡೆದದ್ದಲ್ಲ, ಕ್ಯಾನ್ಸರ್‌ಗೆ ಪಡೆದದ್ದು. ಆದರೂ ರೆಟಿನಾ ಡಾಕ್ಟರುಗಳು ಅದನ್ನು ವ್ಯಾಪಕವಾಗಿ ಬಳಸುತ್ತಾರೆ. 2011ರಲ್ಲಿ ಅಮೆರಿಕ ಸರ್ಕಾರದ ಹಣದಲ್ಲೇ ನಡೆದ ಕ್ಯಾಟ್ ಅಧ್ಯಯನದಲ್ಲಿ ವೆಟ್ ಎಎಂಡಿಗೆ ಒಂದು ವರ್ಷದ ಕೊನೆಗೆ ಅವಾಸ್ಟಿನ್, ಲುಸೆಂಟಿಸ್ ಎರಡೂ ದೃಷ್ಟಿ ಉಳಿಸುವುದರಲ್ಲಿ ಸಮಸಮ ಅಂತ ಕಂಡಿತು. ಆಗ ಅವಾಸ್ಟಿನ್ ಡೋಸಿಗೆ ಸುಮಾರು 50 ಡಾಲರ್, ಲುಸೆಂಟಿಸ್‌ಗೆ ಸುಮಾರು 2,000. ಎರಡೂ ಒಂದೇ ಕಂಪನಿಯ ಔಷಧ, ಜೆನೆಂಟೆಕ್‌ನದು!

ನಿಮ್ಮ ಡಾಕ್ಟರ ಪಟ್ಟಿಯಲ್ಲಿ ಅವಾಸ್ಟಿನ್ ಸಾಲು ಇನ್ನೂರರ ಹತ್ತಿರ. ಉಳಿದ 1,700 ಚುಚ್ಚು ದುಬಾರಿ ಔಷಧದ್ದು. ಅಪಾಯಿಂಟ್‌ಮೆಂಟ್‌ಗೆ ಹೋದಾಗ ನೇರವಾಗಿ ಕೇಳಿ: “ಡಾಕ್ಟರೇ, ಅಮ್ಮನಿಗೆ ಅವಾಸ್ಟಿನ್ ಯಾಕೆ ಬೇಡ?” ಒಳ್ಳೆಯ ಉತ್ತರಗಳು ಇವೆ. ಮೊದಲು ಅದನ್ನೇ ಹಾಕಿ ನೋಡಿದೆವು, ರೆಟಿನಾದ ನೀರು ಇಳಿಯಲಿಲ್ಲ ಅನ್ನಬಹುದು. ಐಲಿಯಾ ಆದರೆ ಎರಡು ಇಂಜೆಕ್ಷನ್ ನಡುವೆ ಹೆಚ್ಚು ವಾರ ಬಿಡಬಹುದು ಅನ್ನಬಹುದು. ಅವಾಸ್ಟಿನ್ ಅನ್ನು ಫಾರ್ಮಸಿಯವರು ಸಣ್ಣ ಸಿರಿಂಜುಗಳಿಗೆ ತುಂಬಿ ಕೊಡಬೇಕು, ಅಲ್ಲಿ ಸೋಂಕಿನ ಭಯ ಅನ್ನಬಹುದು. ಇದ್ಯಾವುದೂ ಹೇಳದೆ ಮುಖ ಗಂಟು ಹಾಕಿಕೊಂಡರೆ ಆಗ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ನಾನಾದರೆ ಹಾಗೇ ಮಾಡುತ್ತೇನೆ.

ಕೊನೆಗೆ ಆ 41,000. ಅದು ಒಂದೇ ಗಂಟಲ್ಲ, ಓಪನ್ ಪೇಮೆಂಟ್ಸ್‌ನಲ್ಲಿ ಬೇರೆ ಬೇರೆ ಟ್ಯಾಬ್ ಇದೆ. ನಿಮ್ಮ ಡಾಕ್ಟರದು 36,500 ಸಂಶೋಧನೆಯ ಟ್ಯಾಬಿನಲ್ಲಿದೆ. ಯಾವುದೋ ಔಷಧ ಪ್ರಯೋಗಕ್ಕೆ ಅವರು ಮುಖ್ಯ ಸಂಶೋಧಕರು. ಅಂಥ ಹಣ ಹೆಚ್ಚಾಗಿ ಸಂಸ್ಥೆಗೆ ಹೋಗುತ್ತದೆ, ನರ್ಸ್, ಸ್ಕ್ಯಾನ್, ಕಾಗದಪತ್ರದ ಖರ್ಚಿಗೆ. ಅದನ್ನು ಪಕ್ಕಕ್ಕಿಡಿ. 3,900 ಸಲಹೆಗಾರರ ಶುಲ್ಕ, 600 ಊಟ-ತಿಂಡಿ.

ನನ್ನ ಕಣ್ಣು ಹೋಗುವುದು ಆ ಆರುನೂರರ ಮೇಲೆ. ನಗಬೇಡಿ. 2016ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಸುಮಾರು 2.8 ಲಕ್ಷ ಡಾಕ್ಟರುಗಳ ಲೆಕ್ಕ ನೋಡಿತು. ಕಂಪನಿ ಕೊಡಿಸಿದ ಒಂದೇ ಒಂದು ಊಟ, ಅದೂ ಸರಾಸರಿ 20 ಡಾಲರ್ ಒಳಗಿನದು, ಉಂಡವರು ಆ ಕಂಪನಿಯ ಬ್ರಾಂಡ್ ಔಷಧವನ್ನು ಉಳಿದವರಿಗಿಂತ ಜಾಸ್ತಿ ಬರೆದಿದ್ದರು. ಊಟ ಹೆಚ್ಚಿದಂತೆ ಚೀಟಿಯೂ ಹೆಚ್ಚಿತ್ತು. ಊಟದಿಂದಲೇ ಹೀಗಾಯಿತು ಅಂತ ಅದು ಸಾಬೀತು ಮಾಡಲಿಲ್ಲ, ಸಂಬಂಧ ಇದೆ ಅಂತಷ್ಟೇ ಹೇಳಿತು. ಆದರೂ ಪ್ರತಿ ಸಾಲಿನಲ್ಲೂ ಕಂಪನಿ ಮತ್ತು ಔಷಧದ ಹೆಸರು ಇರುತ್ತದಲ್ಲ, ಅದನ್ನು ಅಮ್ಮನಿಗೆ ಹಾಕುವ ಔಷಧದ ಜೊತೆ ಹೋಲಿಸಿ ನೋಡಿ. ಇನ್ನು ‘ಭಾಷಣ’ದ ಶುಲ್ಕ ಸಾವಿರಗಟ್ಟಲೆ ಇದ್ದರೆ ನಾನು ಇನ್ನೂ ಹುಷಾರಾಗುತ್ತೇನೆ. ರೆಸ್ಟೊರೆಂಟ್‌ನಲ್ಲಿ ಅದದೇ ನಾಲ್ಕು ಜನರ ಮುಂದೆ ಅದದೇ ಸ್ಲೈಡ್ ತೋರಿಸಿ ದುಡ್ಡು ಪಡೆಯುವ ಇಂಥ ಕಾರ್ಯಕ್ರಮಗಳ ಬಗ್ಗೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2020ರ ನವೆಂಬರ್‌ನಲ್ಲಿ ವಿಶೇಷ ಎಚ್ಚರಿಕೆಯನ್ನೇ ಕೊಟ್ಟಿತು. ನಿಮ್ಮ ಡಾಕ್ಟರ ಲೆಕ್ಕದಲ್ಲಿ ಅದಿಲ್ಲ.

ಡಾಕ್ಟರ ಮೇಲೆ ಶಿಸ್ತು ಕ್ರಮ ಆಗಿದೆಯೇ ಅಂತ ತಿಳಿಯಬೇಕಾ? ಅದಕ್ಕೆ ಈ ಎರಡೂ ಪಟ್ಟಿ ಬೇಡ. ಟೆಕ್ಸಸ್ ಮೆಡಿಕಲ್ ಬೋರ್ಡ್ ತಾಣದಲ್ಲಿ ಹೆಸರು ಹಾಕಿ. ಅದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಮೆಡಿಕೇರ್‌ನಿಂದ ಹೊರಗೆ ಹಾಕಿದವರ ಪಟ್ಟಿಯನ್ನೂ ಇಟ್ಟಿದೆ. ಎರಡೂ ಉಚಿತ. ಯಾರೂ ನೋಡುವುದಿಲ್ಲ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿ ಅನ್ನುವ ಒಬ್ಬ ನೈಸರ್ಗಿಕ ಚಿಕಿತ್ಸಕರು “ಓಪನ್ ಪೇಮೆಂಟ್ಸ್‌ನಲ್ಲಿ ನನ್ನ ಹೆಸರು ಹುಡುಕಿ, ಒಂದು ಡಾಲರ್ ಕೂಡ ಇಲ್ಲ” ಅಂತ ಸವಾಲು ಹಾಕುತ್ತಾರೆ. ನಂಬಬಹುದಾ? — ಓದುಗರು, ಎಡಿಸನ್, ನ್ಯೂಜೆರ್ಸಿ

ಹೆಸರು ಹೇಗೆ ಇರುತ್ತದೆ? ಓಪನ್ ಪೇಮೆಂಟ್ಸ್‌ನ ಕಾನೂನು ಲೆಕ್ಕ ಕೇಳುವುದು ಎಂಡಿ, ಡಿಓ (ಆಸ್ಟಿಯೋಪಥಿ ಪದವಿಯ ಡಾಕ್ಟರು), ದಂತವೈದ್ಯರು ಮುಂತಾದವರದ್ದು, 2021ರಿಂದ ನರ್ಸ್ ಪ್ರಾಕ್ಟಿಷನರ್, ಫಿಸಿಶಿಯನ್ ಅಸಿಸ್ಟೆಂಟ್‌ಗಳದ್ದೂ. ಎಂಡಿ ಪದವಿ ಇಲ್ಲದೆ ಕಷಾಯ ಹೇಳಿಕೊಡುವವರು ಆ ಪಟ್ಟಿಗೆ ಬರುವುದೇ ಇಲ್ಲ. ಬರೀ ಸಪ್ಲಿಮೆಂಟ್ ಮಾರುವ ಕಂಪನಿಗಳು ಲೆಕ್ಕ ಕೊಡುವ ಅಗತ್ಯವೂ ಇಲ್ಲ. ನಿಮ್ಮ ಚಿಕಿತ್ಸಕರ ವಿಡಿಯೊ ಕೆಳಗೆ ಕ್ಯಾಪ್ಸೂಲ್ ಡಬ್ಬಿಯ ಲಿಂಕ್ ಇದೆ, ನಾನು ನೋಡಿದೆ. ಕಂಪನಿಯಿಂದ ದುಡ್ಡು ಪಡೆದಿಲ್ಲ ಅನ್ನುವುದು ನಿಜವೇ ಇರಬೇಕು, ಪಡೆಯುತ್ತಿರುವುದು ನಿಮ್ಮಿಂದ. ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿ ಅಂತ ಹೇಳುವ ಯಾರನ್ನೂ, ಅವರ ಹೆಸರು ಯಾವ ಪಟ್ಟಿಯಲ್ಲಿ ಇರಲಿ ಬಿಡಲಿ, ಮನೆಯ ಹಿರಿಯರ ಹತ್ತಿರ ಬಿಡಬೇಡಿ.

ಪ್ರಶ್ನೆ: ನಮ್ಮ ಡಾಕ್ಟರ ಹೆಸರೇ ಮೆಡಿಕೇರ್ ಪಟ್ಟಿಯಲ್ಲಿ ಇಲ್ಲ. ನಕಲಿಯೇ?

ಮಕ್ಕಳ ಡಾಕ್ಟರು ಅಂತ ನೀವೇ ಬರೆದಿದ್ದೀರಿ. ಮೆಡಿಕೇರ್ ಬಹುತೇಕ 65 ದಾಟಿದವರಿಗೆ! ಬೇರೆ ಡಾಕ್ಟರಾದರೂ ಒಂದು ಸೇವೆ ಪಡೆದವರು ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಸಾಲನ್ನು ಮುಚ್ಚಿಡುತ್ತಾರೆ. ಖಾಸಗಿ ಕಂಪನಿಗಳ ಮೆಡಿಕೇರ್ ಅಡ್ವಾಂಟೇಜ್‌ನ ರೋಗಿಗಳು ಇದರಲ್ಲಿ ಇಲ್ಲವೇ ಇಲ್ಲ, ಮತ್ತು ಈಗ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದಾರೆ.

ಪ್ರಶ್ನೆ: ಡಾಕ್ಟರು ಹಾಕಿದ ಬಿಲ್ 1,400, ಮೆಡಿಕೇರ್ ಒಪ್ಪಿದ್ದು 260. ಬಾಕಿ 1,140 ಅಪ್ಪ ಕಟ್ಟಬೇಕಾ?

ಬೇಡ. ಡಾಕ್ಟರು ಮೆಡಿಕೇರ್ ದರಕ್ಕೆ ಒಪ್ಪಿದವರಾದರೆ 260ರ ಮೇಲೆ ಒಂದು ಸೆಂಟ್ ಕೇಳುವಂತಿಲ್ಲ. ಡಿಡಕ್ಟಿಬಲ್ (ವಿಮೆ ಶುರುವಾಗುವ ಮುಂಚೆ ಪ್ರತಿ ವರ್ಷ ತಾವೇ ಕಟ್ಟಬೇಕಾದ ಮೊತ್ತ) ಮುಗಿದಿದ್ದರೆ ಅಪ್ಪನ ಪಾಲು 260ರ ಶೇ 20, ಅಂದರೆ 52. ಆ 1,400 ಸುಮ್ನೆ ಗೋಡೆಗೆ ಅಂಟಿಸಿದ ಬೆಲೆ.

ಪ್ರಶ್ನೆ: ಬೆಂಗಳೂರಿನಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ (ಬಿಲ್‌ಗೆ ಚಿಕಿತ್ಸೆಯ ಕೋಡ್ ಹಾಕುವ ಕೆಲಸ) ಮಾಡುತ್ತೇನೆ. ನಾನು ನೋಡುವ ಕ್ಲೇಮ್‌ಗಳನ್ನು ಈ ಪಟ್ಟಿಗೆ ತಾಳೆ ಹಾಕಿ ಲಿಂಕ್ಡ್‌ಇನ್‌ನಲ್ಲಿ ಹಾಕಬಹುದಾ?

ಕೆಲಸ ಬಿಡುವ ಯೋಚನೆ ಇದ್ದರೆ ರಾಜೀನಾಮೆ ಕೊಡಿ, ಅದು ಸುಲಭ. ಕ್ಲೇಮ್‌ನಲ್ಲಿರುವುದು ರೋಗಿಯ ಗುಟ್ಟು. ರೋಗಿಯ ಮಾಹಿತಿ ಕಾಯುವ ಅಮೆರಿಕದ ಹಿಪಾ ಕಾನೂನು, ನಿಮ್ಮ ಕಂಪನಿಯ ಕರಾರು ಎರಡೂ ನಿಮ್ಮ ಬೆನ್ನು ಹತ್ತುತ್ತವೆ.

ಪ್ರಶ್ನೆ: ದಾವಣಗೆರೆಯ ನಮ್ಮ ಮಾವನ ಡಾಕ್ಟರ ಲೆಕ್ಕ ಎಲ್ಲಿ ನೋಡಬಹುದು?

ಎಲ್ಲೂ ಇಲ್ಲ. ಭಾರತದಲ್ಲಿ 2024ರ ಮಾರ್ಚ್‌ನಲ್ಲಿ ಔಷಧ ಮಾರಾಟದ ಹೊಸ ಸಂಹಿತೆ ಬಂತು, ಡಾಕ್ಟರುಗಳಿಗೆ ಉಡುಗೊರೆ ಕೊಡಬಾರದು ಅಂತ ಅದು ಹೇಳುತ್ತದೆ. ಆದರೆ ಡಾಕ್ಟರ ಹೆಸರು ಹಾಕಿ ಜನ ನೋಡುವಂಥ ತಾಣ ಇಲ್ಲ.

ಪ್ರಶ್ನೆ: ನಾನೇ ಡಾಕ್ಟರು. ನಾನು ತಿನ್ನದ ಊಟವೊಂದು ನನ್ನ ಹೆಸರಿಗೆ ಬಿದ್ದಿದೆ. ನಮ್ಮ ಕ್ಲಿನಿಕ್‌ಗೆ ಮಾರಾಟದವರು ಸ್ಯಾಂಡ್‌ವಿಚ್ ತಂದಿದ್ದರು, ನಾನು ಅವತ್ತು ರಜೆಯಲ್ಲಿದ್ದೆ. — ಓದುಗರು, ಫ್ರಿಮಾಂಟ್, ಕ್ಯಾಲಿಫೋರ್ನಿಯಾ

ತಿಂದವರ ಹೆಸರು ಮಾತ್ರ ಕಂಪನಿ ಬರೆಯಬೇಕು, ಕ್ಲಿನಿಕ್‌ನ ಬೋರ್ಡಿನಲ್ಲಿ ಇರುವ ಎಲ್ಲರದ್ದಲ್ಲ. ಪ್ರಕಟವಾಗುವ ಮುಂಚೆ ಡಾಕ್ಟರುಗಳಿಗೆ ನೋಡಿಕೊಳ್ಳಲು 45 ದಿನ ಕೊಡುತ್ತಾರೆ, ಸಾಮಾನ್ಯವಾಗಿ ಏಪ್ರಿಲ್ 1ರಿಂದ ಮೇ 15. ಸಿಎಂಎಸ್ ತಾಣದಲ್ಲಿ ನೋಂದಾಯಿಸಿಕೊಂಡು ಆ ಸಾಲಿಗೆ ತಕರಾರು ಹಾಕಿ, ಕಂಪನಿಯವರು ಸರಿ ಮಾಡಲು ಇನ್ನೂ 15 ದಿನ ಇರುತ್ತದೆ. ನೀವು ಬರೆದದ್ದು ಜುಲೈನಲ್ಲಿ. ಈಗಲೂ ಡಿಸೆಂಬರ್ ಕೊನೆಯವರೆಗೆ ತಕರಾರು ಹಾಕಬಹುದು. ಆದರೆ ತಾಣದ ಮುಂದಿನ ಪರಿಷ್ಕರಣೆಯವರೆಗೆ ಆ ಸ್ಯಾಂಡ್‌ವಿಚ್ ನಿಮ್ಮ ಹೆಸರಿನಲ್ಲೇ ಇರುತ್ತದೆ.