ಲೂಪ್ ಯಾಕೆ ಗುಂಡಗಿಲ್ಲ?

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಬಿಡದಿಯ ವಂಡರ್‌ಲಾಗೆ ಹೊರಟಿದ್ದೇವೆ. ರೋಲರ್ ಕೋಸ್ಟರ್ ಲೂಪ್‌ಗಳು ಪೂರ್ತಿ ಗುಂಡಗಿರದೆ ನೀರಿನ ಹನಿಯಂತೆ ಇರುವುದೇಕೆ? ತಲೆಕೆಳಗಾದಾಗ ಕೇಂದ್ರಾಪಗಾಮಿ (ಹೊರಕ್ಕೆ ತಳ್ಳುವ) ಬಲವೇ ಹಿಡಿದುಕೊಳ್ಳುತ್ತದೆ, ಬೆಲ್ಟ್ ನೆಪಕ್ಕಷ್ಟೇ ಎಂದು ರೀಲ್ಸ್‌ನಲ್ಲಿ ನೋಡಿದೆ. ನಿಜವೇ?
– ಜಯನಗರದ ಓದುಗರು

ಉತ್ತರ: ಹಾಗೆ ಹೇಳುವವರು ತಾವು ಬೆಲ್ಟ್ ಬಿಚ್ಚಿ ಕೂತು ತೋರಿಸಲಿ. ನಿಮ್ಮ ಮೈ ನೇರಕ್ಕೆ ಹೋಗಲು ನೋಡುತ್ತದೆ, ಹಳಿ ಒಳಕ್ಕೆ ತಿರುಗಿಸುತ್ತದೆ, ಸೀಟು ನಿಮ್ಮನ್ನು ಒತ್ತುತ್ತದೆ. ಅಷ್ಟೇ. ವೇಗ ಕಡಿಮೆಯಾದರೆ ಆ ಒತ್ತಡವೂ ಇಲ್ಲ, ಆಗ ನಿಮ್ಮನ್ನು ಹಿಡಿಯುವುದು ಭುಜದ ಮೇಲಿನ ಹಾರ್ನೆಸ್.

ಆಕಾರದ ವಿಷಯ ಲೆಕ್ಕ ಹಾಕಿಯೇ ನೋಡಬೇಕು. ಘರ್ಷಣೆ ಬಿಟ್ಟುಬಿಡಿ. 10 ಮೀಟರ್ ತ್ರಿಜ್ಯದ ಗುಂಡು ಲೂಪ್‌ಗೆ ರೈಲು 25 ಮೀಟರ್ ಎತ್ತರದಿಂದ ಇಳಿಯಿತೆನ್ನಿ. ತಳದಲ್ಲಿ ವೇಗ ಗಂಟೆಗೆ ಸುಮಾರು 80 ಕಿ.ಮೀ., ತುದಿಯಲ್ಲಿ 36. ತುದಿಯಲ್ಲಿ ಸೀಟಿನ ಒತ್ತಡ ಸೊನ್ನೆ. ತಳದಲ್ಲಿ 6 ಜಿ, ಅಂದರೆ ಸಹಜ ತೂಕದ ಆರು ಪಟ್ಟು, 60 ಕೆ.ಜಿ. ಆಳಿಗೆ 360 ಕೆ.ಜಿ. ಭಾರವಾದಂತೆ. ತುದಿಯಲ್ಲಿ ಭದ್ರವಾಗಿರಲಿ ಎಂದು ಇಳಿಜಾರನ್ನು 30 ಮೀಟರಿಗೆ ಏರಿಸಿದರೆ ತಳದಲ್ಲಿ 7 ಜಿ ಆಗುತ್ತದೆ. ವೃತ್ತದಲ್ಲಿ ತಳಕ್ಕೂ ತುದಿಗೂ ಈ 6 ಜಿ ಅಂತರ ಏನು ಮಾಡಿದರೂ ತಪ್ಪದು. ಜೊತೆಗೆ, ನೇರ ಹಳಿಯಿಂದ ವೃತ್ತಕ್ಕೆ ಹೊಕ್ಕ ಕ್ಷಣವೇ ಅಷ್ಟೂ ಭಾರ ಒಟ್ಟಿಗೆ ಬೀಳುವುದರಿಂದ ಕುತ್ತಿಗೆಗೆ ಪೆಟ್ಟು. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1895ರ ಫ್ಲಿಪ್ ಫ್ಲ್ಯಾಪ್ ರೈಲ್ವೆ ಎಂಬ ಕೋಸ್ಟರ್ ಇದೇ ಗುಂಡು ಲೂಪ್‌ನಿಂದ ಜನರ ಕುತ್ತಿಗೆ ನೋಯಿಸಿ ಕುಖ್ಯಾತವಾಯಿತು.

ಈಗ ಎತ್ತರ ಅದೇ 20 ಮೀಟರ್ ಇರಲಿ, ತಳದ ತ್ರಿಜ್ಯವನ್ನು 20ಕ್ಕೆ ಹಿಗ್ಗಿಸಿ, ತುದಿಯದನ್ನು 6ಕ್ಕೆ ಕುಗ್ಗಿಸಿ. ಅದೇ 25 ಮೀಟರ್ ಇಳಿತಕ್ಕೆ ತಳದಲ್ಲಿ 3.5 ಜಿ ಮಾತ್ರ. ತುದಿಯಲ್ಲೂ ಸುಮಾರು 0.7 ಜಿ ಒತ್ತಡ ನಿಮ್ಮನ್ನು ಸೀಟಿಗೆ ಅಂಟಿಸಿರುತ್ತದೆ. ನಡುವಿನ ಬಾಗು ಹಂತಹಂತವಾಗಿ ಬಿಗಿಯಾಗುವ ಈ ವಕ್ರರೇಖೆ ಕ್ಲೋಥಾಯ್ಡ್. ಹೆದ್ದಾರಿ ತಿರುವುಗಳಲ್ಲಿ ಮೊದಲೇ ಇದ್ದದ್ದನ್ನು ಜರ್ಮನಿಯ ವರ್ನರ್ ಸ್ಟೆಂಗೆಲ್ ಲೂಪ್‌ಗೆ ತಂದರು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಲೂಪ್‌ನ ರೆವಲ್ಯೂಷನ್ ಎಂಬ ಕೋಸ್ಟರ್ ಓಡಿತು.

ಹಾರ್ನೆಸ್ ಹೊಟ್ಟೆಗೆ ಒತ್ತುತ್ತದೆಂದು ಉಸಿರು ಹಿಡಿದು ಸಡಿಲ ಬಿಡಿಸಿಕೊಳ್ಳಬೇಡಿ. ತಲೆಯನ್ನು ಸೀಟಿಗೆ ಆನಿಸಿಯೇ ಇರಿ. ಎತ್ತರದ ಅಳತೆಗೋಲಿನ ಹತ್ತಿರ ಮಗುವನ್ನು ತುದಿಗಾಲಲ್ಲಿ ನಿಲ್ಲಿಸುವ ಅಪ್ಪ-ಅಮ್ಮಂದಿರಿಗೆ ನಾನು ಹೇಳುವುದೇನೂ ಇಲ್ಲ, ಆಪರೇಟರ್ ಬೈಯಲಿ.

ಪ್ರಶ್ನೆ: ದಪ್ಪ ಜನ ಹೆಚ್ಚಿದ್ದರೆ ರೈಲು ಲೂಪ್ ಹತ್ತದಂತೆ?
ಉತ್ತರ: ಮೇಲಿನ ವೇಗದ ಲೆಕ್ಕದಲ್ಲಿ ತೂಕ ಎಲ್ಲಾದರೂ ಬಂತೇ?

ಪ್ರಶ್ನೆ: ಲೂಪ್ ಸುತ್ತಿದರೆ ಕಿಡ್ನಿ ಕಲ್ಲು ಬೀಳುತ್ತದಂತೆ, ನಿಜವೇ?
ಉತ್ತರ: ಈ ಸುದ್ದಿಯ ಮೂಲ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ, ಅದು ನಡೆದದ್ದು ಸಿಲಿಕೋನ್‌ನ ಕೃತಕ ಕಿಡ್ನಿಯ ಮೇಲೆ, ಲೂಪ್ ಇಲ್ಲದ ಕೋಸ್ಟರಿನಲ್ಲಿ. ಯೂರಾಲಜಿಸ್ಟ್ ಹತ್ತಿರ ಹೋಗಿ.

ಪ್ರಶ್ನೆ: ವೇಗ ಸಾಲದಿದ್ದರೆ ಮೇಲಿಂದ ಕಳಚಿ ಬೀಳುವುದಿಲ್ಲವೇ?
ಉತ್ತರ: ಇಲ್ಲ. ಚಕ್ರಗಳು ಹಳಿಯ ಮೇಲೆ, ಪಕ್ಕಕ್ಕೆ, ಅಡಿಗೆ ಮೂರೂ ಕಡೆ ಕಚ್ಚಿಕೊಂಡಿರುತ್ತವೆ. ರೈಲು ಸಾಮಾನ್ಯವಾಗಿ ಹಿಂದಕ್ಕೆ ಜಾರಿ, ತಗ್ಗಿನಲ್ಲಿ ತೂಗಾಡಿ ನಿಲ್ಲುತ್ತದೆ. ಸಿಬ್ಬಂದಿ ಬಂದು ಇಳಿಸುವ ತನಕ ಕೂತಲ್ಲೇ ಕೂತಿರಿ.