ಬೇಲೂರಿನವರಿಗೆ ಯಾವ ಊರಿನ ಸಭೆ?

ಬೇಲೂರು ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆದು ಕೂಲಿ ಬಟವಾಡೆ ಮಾಡುವ ಗುಮಾಸ್ತ ಆಗಿರುವ, ನಲವತ್ತು ದಾಟಿದ ವ್ಯಕ್ತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ರೈಟರ್ ಎಂದೇ ಕರೆಯುತ್ತೇನೆ. ಮೊದಲು ನನ್ನ ಬಳಿ ಬಂದವರು ಅವರ ಹೆಂಡತಿ. "ಮೇಡಂ, ನಮ್ಮ ಮನೆಯವರು ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಕೆಲವು ತಿಂಗಳು ಮುಟ್ಟಲಿಲ್ಲ. ಈಗ ಮತ್ತೆ ಶುರುವಾಗಿದೆ. ಕುಡಿತ ಬಿಟ್ಟವರ ಸಭೆ ಹತ್ತಿರದಲ್ಲಿ ಎಲ್ಲಿದೆ ಹೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ" ಎಂದರು.

ಸಭೆಯ ಮಾತಿಗೆ ಮೊದಲು ಬೇರೆ ಪ್ರಶ್ನೆ ಕೇಳಬೇಕಾಯಿತು. ಬೆಳಗ್ಗೆ ಎದ್ದಾಗ ಕೈ ನಡುಗುತ್ತದೆಯೆ? ಹಿಂದೆ ಬಿಟ್ಟಾಗ ಏನಾಗಿತ್ತು? ನಡುಕವಿದೆ, ಒಮ್ಮೆ ಫಿಟ್ಸ್ ಬಂದಿತ್ತು ಎಂದು ತಿಳಿಯಿತು. ಅಂಥವರು ಮನೆಯಲ್ಲೇ ಹಠ ಹಿಡಿದು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಒಂದೆರಡು ದಿನಗಳಲ್ಲಿ ಮತ್ತೆ ಫಿಟ್ಸ್ ಬರಬಹುದು. ಎರಡನೆಯ ಮೂರನೆಯ ದಿನಕ್ಕೆ ಇಲ್ಲದ್ದನ್ನು ಕಾಣುವ, ದಿಕ್ಕು ತಪ್ಪುವ ಸನ್ನಿ ಹತ್ತಿ ಪ್ರಾಣಕ್ಕೇ ಎರವಾಗಬಹುದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ಬಗ್ಗೆಯೂ ಆಕೆ ಕೇಳಿದರು. ಬೇಡವೇ ಬೇಡ ಎಂದೆ. ಅಂಥ ಪುಡಿಯಲ್ಲಿ ಏನಿದೆಯೋ ಗೊತ್ತಿರುವುದಿಲ್ಲ; ಮದ್ಯದ ಜೊತೆ ಸೇರಿದರೆ ಮೈಗೆ ಒಗ್ಗದ ಡೈಸಲ್ಫಿರಾಂ ಎಂಬ ಔಷಧ ಇದ್ದರೆ, ಅದು ಗೊತ್ತಿಲ್ಲದೆ ಅವರು ಕುಡಿದಾಗ ರಕ್ತದೊತ್ತಡ ಕುಸಿಯಬಹುದು, ಜೀವಕ್ಕೆ ಅಪಾಯ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ರೈಟರ್ ತಾವೇ ಬಂದರು. ಮಾತು ಕಡಿಮೆ, ಆಕ್ಷೇಪಣೆ ಜಾಸ್ತಿ. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿ ಊರಿನಲ್ಲೇ ಇದೆ, ಆದರೆ ಅಲ್ಲಿ ಬರುವ ಅರ್ಧ ಜನ ಇವರಿಂದ ಬಟವಾಡೆ ಪಡೆಯುವವರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗೆ ಹೋಗೋಣವೆಂದರೆ ಚಿಕ್ಕಮಗಳೂರು ಸುಮಾರು 25 ಕಿಲೋಮೀಟರ್, ಅಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರೆಲ್ಲ ಪರಿಚಿತರು. ಹಾಸನ ಸುಮಾರು 40, ರಾತ್ರಿ ಮರಳುವುದು ಕಷ್ಟ. "ಅದೂ ಅಲ್ಲದೆ ಅದು ಕ್ರೈಸ್ತರ ಸಭೆಯಂತಲ್ಲ?" ಎಂದೂ ಕೇಳಿದರು.

ಕೊನೆಯದಕ್ಕೆ ಉತ್ತರ ಸುಲಭ. ಆಲ್ಕೊಹಾಲಿಕ್ಸ್ ಅನಾನಿಮಸ್ ಯಾವ ಧರ್ಮಕ್ಕೂ ಸೇರಿದ್ದಲ್ಲ. ಬಾಡಿಗೆ ಕಡಿಮೆ ಎಂದು ಚರ್ಚಿನ ಆವರಣದಲ್ಲೋ ಶಾಲೆಯ ಕೊಠಡಿಯಲ್ಲೋ ಸೇರುತ್ತಾರೆ, ಅಷ್ಟೇ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಬಟವಾಡೆ ಕೊಡುವವನು ಪಡೆಯುವವನ ಪಕ್ಕ ಕೂರುವುದು ಹೇಗೆ ಎಂಬ ಸಂಕೋಚಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇದನ್ನು ಆರಂಭಿಸಿದವರಲ್ಲಿ ಒಬ್ಬ ಷೇರುಪೇಟೆಯವನು, ಇನ್ನೊಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿದು ಕೆಟ್ಟವರೇ ಎಂದಾಗ ಮೊದಲ ಬಾರಿ ನಕ್ಕರು. ಅಲ್ಲಿ ನಿಮ್ಮನ್ನು ನೋಡಿದವನು ತಾನೂ ಅಲ್ಲಿಗೆ ಬಂದವನೇ ಅಲ್ಲವೆ ಎಂದೆ.

ಆದರೂ ಸಣ್ಣ ಊರಿನ ಮರ್ಯಾದೆಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತಿರದ ಸಭೆಯೇ ಒಳ್ಳೆಯದು ಎಂಬುದು ನಿಜ, ಆದರೆ ಹೋಗದ ಹತ್ತಿರದ ಸಭೆಗಿಂತ ಹೋಗುವ ದೂರದ ಸಭೆ ಮೇಲು. ಹಾಸನಕ್ಕೇ ಹೋಗಲಿ ಎಂದು ಒಪ್ಪಿಕೊಂಡೆ.

ಹುಡುಕುವ ಕೆಲಸ ಹೆಂಡತಿಯದಾಗಬಾರದು ಎಂದು ಪಟ್ಟುಹಿಡಿದೆ. ಬೇರೆಯವರು ಗೊತ್ತುಮಾಡಿದ ಸಭೆಗೆ ಹೋಗುವವನು ಮದುವೆಮನೆಗೆ ಒತ್ತಾಯಕ್ಕೆ ಹೋದವನಂತೆ ಎಲೆ ಎತ್ತುವುದನ್ನೇ ಕಾಯುತ್ತಾನೆ. ರೈಟರ್ ನನ್ನ ಎದುರಿಗೇ ಸಂಘಟನೆಯ ಸಹಾಯವಾಣಿಗೆ ಕರೆಮಾಡಿದರು. ಕೇಳಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆಸಿದ್ದೆ: ಕನ್ನಡದಲ್ಲಿ ನಡೆಯುತ್ತದೆಯೆ, ಮನೆಯವರೂ ಬರಬಹುದಾದ ಮುಕ್ತ ಸಭೆಯೋ ಕುಡಿತದ ತೊಂದರೆ ಇರುವವರಿಗಷ್ಟೇ ಇರುವುದೋ, ಎಷ್ಟು ಹೊತ್ತಿಗೆ ಮುಗಿಯುತ್ತದೆ. ಹೊರಡುವ ದಿನ ಬೆಳಗ್ಗೆ ಇನ್ನೊಮ್ಮೆ ಕರೆಮಾಡಲು ಹೇಳಿದೆ. ಕೊಠಡಿ, ವೇಳೆ ಬದಲಾಗುವುದುಂಟು. ಆ ನಂಬರು ಸಿಗದವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ. ನಡುರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ನಿಜವಾದ ಅಪಾಯವಿದ್ದದ್ದು ಸಭೆ ಮುಗಿದ ಮೇಲೆ, ಬಸ್ಸಿಗೆ ಕಾಯುವ ಹೊತ್ತಿನಲ್ಲಿ. ಜೇಬಿನಲ್ಲಿ ದುಡ್ಡು, ಎದುರಿಗೇ ಬಾರಿನ ದೀಪ, ಪರಿಚಯವಿಲ್ಲದ ಊರು. ಇದನ್ನು ಇವರೇ ಹೇಳಿದರು, ಹೇಳಿದ್ದಕ್ಕೆ ನನಗೆ ನಂಬಿಕೆ ಬಂತು. ಬಸ್ಸಿನ ಖರ್ಚಿಗಷ್ಟೇ ಹಣ ಒಯ್ಯಬೇಕು. ಮೊದಲ ಸಭೆಯಲ್ಲೇ ಯಾರಾದರೊಬ್ಬ ಹಳಬರಿಗೆ "ಬಸ್ ಬರುವವರೆಗೆ ನನ್ನ ಜೊತೆ ನಿಲ್ಲುತ್ತೀರಾ" ಎಂದು ಕೇಳಬೇಕು ಎಂದು ಗೊತ್ತುಮಾಡಿಕೊಂಡೆವು. ಮಾತನಾಡಲು ಬಾಯಿ ಬರದಿದ್ದರೆ ಸುಮ್ಮನೆ ಕೇಳಿಸಿಕೊಂಡು ಬಂದರೂ ಆಯಿತು.

ಹೆಂಡತಿಗೆ ಅಲ್ ಅನಾನ್ ಬಗ್ಗೆ ಹೇಳಿದೆ. ಅದು ಕುಡಿಯುವವರ ಮನೆಯವರದೇ ಪ್ರತ್ಯೇಕ ಬಳಗ. "ನನಗೇನಾಗಿದೆ ಮೇಡಂ?" ಎಂದರು. ಗಂಡನ ಬಾಯಿ ಮೂಸಿ ನೋಡುವುದನ್ನು ಆಕೆ ಇನ್ನೂ ಬಿಟ್ಟಿಲ್ಲ. ಇದು ನಿಧಾನದ ಕೆಲಸ, ಇನ್ನೂ ನಡೆಯುತ್ತಿದೆ.

ರೈಟರ್ ಸಭೆಗೆ ಹೋಗುತ್ತಿದ್ದಾರೆ. ನಡುವೆ ಒಮ್ಮೆ ಕುಡಿದರು, ಮರುವಾರ ಅದನ್ನು ಅಲ್ಲೇ ಹೇಳಿಕೊಂಡರಂತೆ. ಮಾಲೀಕರಿಗೆ ತಿಳಿಸಬೇಕೆ ಎಂಬುದು ಅವರ ಈಚಿನ ಪ್ರಶ್ನೆ. ಕಾಯಿಲೆಯ ವಿವರ ಕೊಡಬೇಕಿಲ್ಲ, ಸಭೆಯಿರುವ ದಿನ ನಾಲ್ಕಕ್ಕೆ ಬಿಡಲು ಕೇಳಿ, ಬಟವಾಡೆಯ ಸಂಜೆ ನಗದು ಹಂಚುವ ಕೆಲಸವನ್ನು ಸದ್ಯಕ್ಕೆ ಬೇರೆಯವರಿಗೆ ವಹಿಸಲು ಕೇಳಿ ಎಂದಿದ್ದೇನೆ. ಮೊದಲನೆಯದನ್ನು ಕೇಳಿದ್ದಾರೆ, ಎರಡನೆಯದು ಕಾಫಿ ಕೊಯ್ಲು ಮುಗಿಯಲಿ ಎನ್ನುತ್ತಿದ್ದಾರೆ. ಕೊಯ್ಲಿನ ಕಾಲದಲ್ಲೇ ಬಟವಾಡೆ ದೊಡ್ಡದಿರುವುದರಿಂದ, ಈಗಲೇ ಕೇಳಿ ಎಂದು ಒತ್ತಾಯಿಸುತ್ತಿದ್ದೇನೆ.